ಹಿಮದ ಗಿಳಿಯ ಬಲಮಗ್ಗುಲು

ಸಂಕ್ರಾಂತಿ ಸಂಚಿಕೆಯ ಸಂಪಾದಕರಿಗೆ,

ವಿಷಯ: ವುಡ್‌ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಂಬತ್ತು ಚಳಿಗಾಲ ವಾಸವಾಗಿದ್ದ ಆಂಟಿಯವರನ್ನು ಕುರಿತು.

ಉಲ್ಲೇಖ: ಅವರು ಹೇಳಿ ನಾನು ಬರೆದುಕೊಂಡ ಅಳತೆಯ ಹಾಳೆ, ಒಂದು ಪುಟ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಇದುವರೆಗೆ ಯಾವ ಸಂಚಿಕೆಗೂ ಬರೆದವಳಲ್ಲ. ಮದುವೆಗೆ ಮುಂಚೆ ಮೈಸೂರಿನ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ನಾಲ್ಕು ವರ್ಷ ಇದ್ದೆ. ನನಗೆ ಬರುವ ಬರವಣಿಗೆ ಅಲ್ಲಿ ಕಲಿತದ್ದು ಮಾತ್ರ. ಕ್ರಮದಲ್ಲಿ ಲೋಪವಿದ್ದಲ್ಲಿ ಮನ್ನಿಸಬೇಕು. ಆಂಟಿಯವರು ಕಳೆದ ಅಕ್ಟೋಬರಿನಲ್ಲಿ ಮಿಷಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನ ತಮ್ಮ ಮಗನ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ನಮೂದಿಸಿಲ್ಲ. ಹೆಸರು ಹಾಕಿದರೆ ಜನ ಹೆಸರು ಓದಿ ಪುಟ ತಿರುವಿಬಿಡುತ್ತಾರೆಂದು ಅವರೇ ಒಮ್ಮೆ, ಬೇರೆ ಯಾರದೋ ವಿಷಯದಲ್ಲಿ, ಹೇಳಿದ್ದರು.

ಅವರ ಪರಿಚಯವಾದದ್ದು ಒಂದು ತಪ್ಪಿನಿಂದ. ನಾವು ಆ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಯಜಮಾನರು ಹಿಮ ತಳ್ಳುವ ಯಂತ್ರವನ್ನು ಹೊಸದಾಗಿ ತಂದಿದ್ದರು. ಕಾರು ನಿಲ್ಲಿಸುವ ನಮ್ಮ ಡ್ರೈವ್‌ವೇ ಚೊಕ್ಕಟವಾಯಿತು. ಅಲ್ಲಿದ್ದ ಹಿಮವೆಲ್ಲ ಪಕ್ಕದವರ ಡ್ರೈವ್‌ವೇಯಲ್ಲಿ ಗುಡ್ಡೆಯಾಗಿ ಬಿತ್ತು. ಆ ಮನೆಯ ಬಾಗಿಲಿಗೆ ಪ್ಲಾಸ್ಟಿಕ್ಕಿನ ಮಾವಿನೆಲೆಯ ತೋರಣ ಇದ್ದುದನ್ನು ನೋಡಿ, ನಮ್ಮವರೇ ಇರಬಹುದೆಂದು ಊಹಿಸಿ, ಕನ್ನಡದಲ್ಲಿ ಒಂದು ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸಿ ಬಂದೆ. ನಮ್ಮಿಂದಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ತಾವು ದಯಮಾಡಿ ಮನ್ನಿಸಬೇಕಾಗಿ ಕೋರಿಕೆ, ಎಂದು ಬರೆದಿದ್ದೆ. ಮರುದಿನ ನಮ್ಮ ಬಾಗಿಲಿನಲ್ಲಿ ಉತ್ತರವಿತ್ತು: “ಅರ್ಜಿಯನ್ನು ಪರಿಶೀಲಿಸಲಾಗಿದೆ. ಅರ್ಜಿದಾರರು ನಾಲ್ಕು ಗಂಟೆಗೆ ಕಾಫಿಗೆ ಖುದ್ದು ಹಾಜರಾಗತಕ್ಕದ್ದು.”

ಹಾಜರಾದೆ. ಬಾಗಿಲು ತೆರೆದವರು ನನ್ನ ಮುಖವನ್ನು ನೋಡದೆ, ನನ್ನ ಎಡ ಭುಜದ ಆಚೆ ಎಲ್ಲೋ ನೋಡುತ್ತ, “ಬನ್ನಿ ಸರ್ಕಾರ” ಎಂದರು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ಸರ್ಕಾರವೇ ಆಗಿದ್ದೆ.

ಅವರ ಆ ನೋಟದ ಬಗ್ಗೆ ಮೊದಲೇ ಹೇಳಬೇಕು. ಹತ್ತಿರದ ಅರೋರಾದ ದೇವಸ್ಥಾನದಲ್ಲಿ ಅವರನ್ನು ಕಂಡ ಅನೇಕರು ಅವರಿಗೆ ಸೊಕ್ಕು, ಎದುರಿಗೆ ನಿಂತು ಮಾತನಾಡಿಸಿದರೂ ಅತ್ತ ತಿರುಗುತ್ತಾರೆ ಎಂದು ಆಡಿಕೊಂಡಿದ್ದುಂಟು. ವಾಸ್ತವದಲ್ಲಿ ಅವರಿಗೆ ದೃಷ್ಟಿಯ ನಡುಭಾಗ ಮಾತ್ರ ಸವೆದುಹೋಗುವ ಕಾಯಿಲೆ ಇತ್ತು. ನನ್ನ ಚೀಟಿಯನ್ನೂ ಭೂತಗನ್ನಡಿ ಹಿಡಿದು, ಓರೆನೋಟದಲ್ಲಿ ಓದಿದ್ದರಂತೆ. “ನೇರ ನೋಡಿದ್ರೆ ನಿನ್ನ ಮುಖ ಇರೋ ಜಾಗದಲ್ಲಿ ಬರೀ ಮಂಜು ಕಣೇ. ಪಕ್ಕಕ್ಕೆ ನೋಡಿದ್ರೆ ನಿನ್ನ ಓಲೆ, ಕೂದ್ಲು, ನೀನು ನನಗೆ ಗೊತ್ತಾಗದ ಹಾಗೆ ಗಡಿಯಾರ ನೋಡೋದು, ಎಲ್ಲ ಕಾಣುತ್ತೆ,” ಎಂದು ಅವರು ಹೇಳಿದಾಗ ನಾನು ನಿಜವಾಗಿಯೂ ಗಡಿಯಾರ ನೋಡುತ್ತಿದ್ದೆ.

ಅವರು ಸ್ಟರ್ಲಿಂಗ್ ಹೈಟ್ಸ್‌ನ ಒಂದು ಕಾರಿನ ಕಾರ್ಖಾನೆಯಲ್ಲಿ ಬಹಳ ವರ್ಷ ತಪಾಸಣೆಯ ಕೆಲಸದಲ್ಲಿದ್ದವರು. ಬಣ್ಣ ಹಚ್ಚುವ ಮುನ್ನ ಸಾಲಾಗಿ ಬರುವ ಬಾಗಿಲು, ಬಾನೆಟ್ಟುಗಳ ಮೇಲೆ ಅಂಗೈ ಆಡಿಸಿ, ಕಣ್ಣಿಗೆ ಕಾಣದ ತಗ್ಗು ಉಬ್ಬುಗಳನ್ನು ಹಿಡಿಯುವುದು ಅವರ ಕೆಲಸ. ದೋಷವಿದ್ದಲ್ಲಿ ಮೇಣದ ಪೆನ್ಸಿಲ್ಲಿನಿಂದ ಒಂದು ಸುತ್ತು, ಇಲ್ಲದಿದ್ದಲ್ಲಿ ‘ಪಾಸ್’. ನಿವೃತ್ತರಾಗಿ, ಗಂಡನೊಂದಿಗೆ ವುಡ್‌ರಿಡ್ಜ್‌ಗೆ ಬಂದು, ಆ ಗಂಡನೂ ತೀರಿಕೊಂಡ ಮೇಲೆ ಸಹ ಅವರ ಕೈಗೆ ಮಾತ್ರ ನಿವೃತ್ತಿ ಆಗಿರಲಿಲ್ಲ. ನಮ್ಮ ಹೊಸ ಕಾರು ಬಂದ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಬಾಗಿಲಿನ ಬಳಿ ನಿಂತು, “ಇಲ್ಲಿ ಯಾವುದೋ ತಾಗಿದೆ, ಆಮೇಲೆ ತಟ್ಟಿ ಸರಿಮಾಡಿದಾರೆ” ಎಂದರು. ನಮಗೆ ಏನೂ ಕಾಣಲಿಲ್ಲ. ಮಾರಿದವರನ್ನು ವಿಚಾರಿಸಲಾಗಿ, ಲಾರಿಯಿಂದ ಇಳಿಸುವಾಗ ಹಾಗೆ ಆದದ್ದು ನಿಜವೆಂದು ಒಪ್ಪಿಕೊಂಡರು. ನನ್ನ ಅಕ್ಕಿರೊಟ್ಟಿಯ ಅಂಚು, ಹೊಲಿಸಿದ ರವಿಕೆಯ ತೋಳು, ಜ್ವರ ಬಂದ ಮಗಳ ಹಣೆ, ಎಲ್ಲವೂ ಆ ಅಂಗೈಯ ಕೆಳಗೆ ಹಾದು ಹೋಗಬೇಕಿತ್ತು. “ತೊಂಬತ್ತೊಂಬತ್ತೂವರೆ. ಸ್ಕೂಲಿಗೆ ಹೋಗಬಹುದು. ಪಾಸ್,” ಎನ್ನುತ್ತಿದ್ದರು. ಥರ್ಮಾಮೀಟರು ಅವರ ಮಾತನ್ನು ಮೀರಿದ್ದು ನನಗೆ ನೆನಪಿಲ್ಲ.

ಈಗ ಅಚ್ಚಿನ ಮಣೆಗಳ ವಿಷಯ. ಸಂಕ್ರಾಂತಿಯಲ್ಲಿ ಎಳ್ಳಿನ ಜೊತೆ ಬೀರಲು ಸಕ್ಕರೆ ಅಚ್ಚು ಮಾಡುವ ಪದ್ಧತಿಯನ್ನು ಓದುಗರೆಲ್ಲರೂ ಬಲ್ಲರು. ಆದರೆ ನಮ್ಮಲ್ಲಿ ಬಹುಪಾಲು ಮಂದಿ ಅದನ್ನು ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳುತ್ತೇವೆ. ಆಂಟಿಯವರು ಮಾತ್ರ ಮನೆಯಲ್ಲೇ ಮಾಡುತ್ತಿದ್ದರು. ಅವರ ತಾಯಿಯ ಕಾಲದ ಹನ್ನೆರಡು ಜೊತೆ ಮರದ ಮಣೆಗಳಿದ್ದವು: ಬೃಂದಾವನ, ಆನೆ, ಮೀನು, ಕೂಜ, ಇತ್ಯಾದಿ. ಒಂದೊಂದು ಜೊತೆಯಲ್ಲಿ ಎರಡು ಹಲಗೆ. ಪ್ರತಿ ಹಲಗೆಯಲ್ಲಿ ಗೊಂಬೆಯ ಒಂದೊಂದು ಮಗ್ಗುಲಿನ ಗುಳಿ. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ಎರಡನ್ನೂ ಮುಚ್ಚಿ ದಾರ ಸುತ್ತಿ, ಮೇಲಿನ ತೂತಿನಿಂದ ಬಿಸಿ ಪಾಕ ಹೊಯ್ಯಬೇಕು. ಆರಿದ ಮೇಲೆ ಬಿಚ್ಚಿದರೆ ಬಿಳಿಯ ಆನೆ ತನ್ನ ಎರಡೂ ಕಿವಿಗಳೊಂದಿಗೆ ಎದ್ದು ಬರುತ್ತಿತ್ತು.

ಹನ್ನೆರಡರಲ್ಲಿ ಗಿಳಿಯ ಮಣೆಗೆ ಮಾತ್ರ ಜೊತೆ ತಪ್ಪಿತ್ತು. ತಾಯಿಯ ಮನೆಯಿಂದ ಮಣೆಗಳು ಇವರ ಕೈಗೆ ಬರುವಷ್ಟರಲ್ಲೇ ಅದರ ಬಲಮಗ್ಗುಲಿನ ಹಲಗೆ ಎಲ್ಲಿಯೋ ಕಳೆದುಹೋಗಿತ್ತು. ಉಳಿದ ಎಡಮಗ್ಗುಲಿಗೆ ಅವರು ದಾರ ಸುತ್ತಿಯೇ ಇಟ್ಟಿದ್ದರು. ಪ್ರತಿ ವರ್ಷ ಅದರಲ್ಲಿಯೂ ಒಂದಿಷ್ಟು ಪಾಕ ಹೊಯ್ಯುವರು. ಒಂದು ಕಡೆ ಗಿಳಿ, ಇನ್ನೊಂದು ಕಡೆ ಗೋಡೆಯಂತೆ ಚಪ್ಪಟೆ. ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಕೇಳಿದರೆ, “ಅರ್ಧ ಹಕ್ಕೀನ ಬೀರಬಾರದು. ತಗೊಂಡೋರ ಮನೇಲಿ ಅದು ಇನ್ನರ್ಧ ಹುಡುಕ್ತಾ ಕೂತಿರುತ್ತೆ” ಎನ್ನುವರು. ಇಂಥ ಶಾಸ್ತ್ರ ನಾನು ಬೇರೆಲ್ಲಿಯೂ ಕೇಳಿಲ್ಲ.

ನಮ್ಮ ಯಜಮಾನರು ವೃತ್ತಿಯಿಂದ ಇಂಜಿನಿಯರ್. ಇದಕ್ಕೇನು ಮಹಾ ಎಂದು ಎಡ ಹಲಗೆಯ ಚಿತ್ರ ತೆಗೆದು, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ತಮ್ಮ ಥ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನ ಬಲ ಹಲಗೆ ತಯಾರಿಸಿ ತಂದರು. ಎರಡೂ ಕೂದಲೆಳೆಯ ಸಂದಿಲ್ಲದೆ ಮುಚ್ಚಿಕೊಂಡವು. ಕುದಿಯುವ ಪಾಕ ಹೊಯ್ದ ಅರ್ಧ ನಿಮಿಷಕ್ಕೆ ಪ್ಲಾಸ್ಟಿಕ್ ಮೆತ್ತಗಾಗಿ, ಗಿಳಿಯ ಕತ್ತು ಜೋತುಬಿತ್ತು. “ಏನಪ್ಪಾ ಇಂಜಿನಿಯರ್, ನಿನ್ನ ಗಿಳಿಗೆ ಜ್ವರ ಬಂದಿದೆ,” ಎಂದು ಅವರು ಅದನ್ನು ಸೋಪಿನ ಬಟ್ಟಲಾಗಿ ಬಹಳ ದಿನ ಬಳಸಿದರು. ಆ ದಿನವೇ ಅವರಿಂದ ನನಗೆ ಇನ್ನೊಂದು ಸಂಗತಿ ತಿಳಿಯಿತು. ಪ್ಲಾಸ್ಟಿಕ್ ಕರಗದಿದ್ದರೂ ಆ ಗಿಳಿ ಸರಿಹೋಗುತ್ತಿರಲಿಲ್ಲ. ಎಡಗಡೆ ಗಿಳಿ ಸುಮ್ಮನೆ ಕುಳಿತಿದ್ದರೆ, ಬಲಗಡೆ ಕಾಲೆತ್ತಿ ಏನನ್ನೋ ಹಿಡಿದಿತ್ತು. ಅದು ಏನೆಂಬುದು ಅವರಿಗೆ ಮರೆತಿತ್ತು.

ನಾನು ವಿವರವಾಗಿ ತಿಳಿಸಬೇಕೆಂದಿರುವುದು ಅವರು ನಮ್ಮ ಪಕ್ಕದಲ್ಲಿ ಕಳೆದ ಒಂಬತ್ತನೆಯ ಚಳಿಗಾಲದ ಎರಡು ದಿನಗಳನ್ನು. ಆ ವರ್ಷ ಕಣ್ಣಿನ ಡಾಕ್ಟರು ಆಂಟಿಯವರಿಗೆ ಒಬ್ಬರೇ ಓಡಾಡಬೇಡಿರೆಂದರು. ಪಕ್ಕದ ನೋಟವೂ ಹೆಚ್ಚು ದಿನ ಇರುವುದಿಲ್ಲವೆಂದರು. ಮಗ ಬಂದು, ಮಾರ್ಚಿನಲ್ಲಿ ಮನೆ ಖಾಲಿ ಮಾಡಿ ತನ್ನ ಜೊತೆ ಬರಬೇಕೆಂದು ಗೊತ್ತುಮಾಡಿ ಹೋದರು. ಆಂಟಿಯವರು ತಕರಾರು ಮಾಡಲಿಲ್ಲ. ನನ್ನ ಬಳಿ ಮಾತ್ರ, ತಮ್ಮದೊಂದು ಫೈಲು ಬಾಕಿ ಇದೆ ಎಂದರು. ಬಲಮಗ್ಗುಲಿನ ಹಲಗೆಯನ್ನು ಯಾರಿಂದಲಾದರೂ ಕೆತ್ತಿಸಬೇಕು. ಆದರೆ ಕೆತ್ತುವವರಿಗೆ ಹೇಳಲು ಅದರ ರೂಪ ಅವರೊಬ್ಬರನ್ನು ಬಿಟ್ಟು ಬೇರೆ ಯಾರಲ್ಲಿಯೂ ಇರಲಿಲ್ಲ, ಅವರಲ್ಲಿಯೂ ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು.

“ಕಣ್ಣು ಹೋದ್ರೆ ಮಗ ಕೈ ಹಿಡ್ಕೊಂಡು ನಡೆಸ್ತಾನೆ. ಇದು ಹೋದ್ರೆ ಯಾರ ಕೈಲೂ ತರಿಸೋಕಾಗಲ್ಲ,” ಎಂದರು.

ಚಪಾತಿ ಹಿಟ್ಟಿನಲ್ಲಿ, ಮಕ್ಕಳ ಬಣ್ಣದ ಜೇಡಿಮಣ್ಣಿನಲ್ಲಿ ಮಾಡಿ ನೋಡಿದ್ದರು. ಸಣ್ಣದರಲ್ಲಿ ಬೆರಳಿಗೆ ಜಾಗ ಸಾಲದು ಎಂಬುದು ಅವರ ದೂರು.

ಸಂಕ್ರಾಂತಿಯ ಹಿಂದಿನ ದಿನ ಹಿಮ ಬಿತ್ತು. ಬೆಳಿಗ್ಗೆ ಎದ್ದಾಗ ನಮ್ಮ ಬಡಾವಣೆಯ ಅಂಚೆ ಡಬ್ಬಿಗಳೆಲ್ಲ ಬಿಳಿಯ ಟೋಪಿ ಹಾಕಿಕೊಂಡಿದ್ದವು. ಶಾಲೆ ಇಲ್ಲ, ಆಫೀಸಿಗೆ ಬರಬೇಡಿರೆಂದು ಸಂದೇಶ. ವರ್ಷವಿಡೀ ನಮ್ಮ ಹಿತ್ತಲಿನ ಆಚೆ ಮೊರೆಯುವ ಮುನ್ನೂರ ಐವತ್ತೈದನೇ ನಂಬರಿನ ಹೆದ್ದಾರಿ ಆ ದಿನ ಸದ್ದು ಮಾಡಲಿಲ್ಲ. ಆ ಮೌನವನ್ನು ನಾನು ಹೇಗೆ ವರದಿ ಮಾಡಬೇಕೋ ತಿಳಿಯದು. ಕಿಟಕಿಯ ಬಳಿ ನಿಂತರೆ, ಕೆಳಗೆ ಬೀಳುತ್ತಿರುವುದು ಹಿಮವೋ ಅಥವಾ ನಮ್ಮ ಮನೆಯೇ ನಿಧಾನವಾಗಿ ಮೇಲಕ್ಕೆ ತೇಲುತ್ತಿದೆಯೋ ಎಂಬ ಭ್ರಮೆ ಬರುತ್ತಿತ್ತು. ಒಂಬತ್ತು ಗಂಟೆಗೆ ಆಂಟಿಯವರ ಫೋನು.

“ಸರ್ಕಾರ, ಇವತ್ತು ರಜಾ ತಾನೆ? ಹಿತ್ತಲಿಗೆ ಬನ್ನಿ. ಸ್ನೋ ಒಂದೆಳೆ ಪಾಕಕ್ಕೆ ಬಂದಿದೆ. ತಡ ಮಾಡಿದ್ರೆ ಗಟ್ಟಿಯಾಗುತ್ತೆ.”

ನಾನು ಹೋದಾಗ ಅವರು ಗ್ಲೌಸ್ ಬಿಚ್ಚಿ, ಹಿಮವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಎಳೆದು, ಪಾಕ ನೋಡುವಂತೆಯೇ ನೋಡುತ್ತಿದ್ದರು. ಮರುಬಳಕೆಯ ಕಸಕ್ಕೆ ಇಡುವ ದೊಡ್ಡ ತೊಟ್ಟಿಯನ್ನು ಮೊದಲೇ ತೊಳೆದಿಟ್ಟಿದ್ದರು. ಅದರಲ್ಲಿ ಹಿಮ ತುಂಬಿ, ತುಳಿದು, ಮತ್ತೆ ತುಂಬಿ, ಮಗುಚಿ ಹಾಕಿದೆವು. ಇಡ್ಲಿ ಬಿಡಿಸುವಾಗ ತಟ್ಟೆಗೆ ನೀರು ಚಿಮುಕಿಸುವ ಹಾಗೆ ತೊಟ್ಟಿಯ ಹೊರಮೈಗೆ ಬಿಸಿನೀರು ಚಿಮುಕಿಸಿದರು. ನನ್ನ ಎದೆಯೆತ್ತರದ ಬಿಳಿಯ ಕಂಬ ಮೆಲ್ಲನೆ ಬಿಟ್ಟುಕೊಂಡು ನಿಂತಿತು. ಕೆಳಗಿನ ಮೊಳದಷ್ಟನ್ನು ಪೀಠವೆಂದು ಬಿಟ್ಟು ಮೇಲೆ ಗಿಳಿಯನ್ನು ಬಿಡಿಸತೊಡಗಿದರು. ಉಪಕರಣಗಳು: ದೋಸೆ ಮಗುಚುವ ಕೈ, ಎರಡು ಚಮಚ, ಬೆಣ್ಣೆ ಸವರುವ ಚಾಕು.

ಎಡಮಗ್ಗುಲಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಎಡಗೈಯಲ್ಲಿ ಮರದ ಹಲಗೆ, ಬಲಗೈಯಲ್ಲಿ ಚಮಚ. ಎಡಗೈಯ ಹೆಬ್ಬೆರಳು ಗುಳಿಯಲ್ಲಿ ಇಳಿದಂತೆಲ್ಲ ಬಲಗೈಯ ಕೆಳಗೆ ಹಿಮದಲ್ಲಿ ಎದೆ ಉಬ್ಬಿತು, ರೆಕ್ಕೆ ಮಡಿಸಿಕೊಂಡಿತು, ಕೊಕ್ಕು ಬಾಗಿತು. ಕಣ್ಣನ್ನು ಅವರು ಮುಚ್ಚಿಯೇ ಇದ್ದರು. ಬೀಳುತ್ತಿದ್ದ ಹಿಮ ಅವರ ರೆಪ್ಪೆಗಳ ಮೇಲೆ ಕೂತು ಸ್ವಲ್ಪ ಹೊತ್ತು ಇದ್ದು ಹೋಗುತ್ತಿತ್ತು.

ಬಲಮಗ್ಗುಲಿಗೆ ಬಂದಾಗ ಕೈ ನಿಂತಿತು. ಎತ್ತಿದ ಕಾಲನ್ನು ಮಾಡಿದರು. ಕಾಲಿನಲ್ಲಿ ಒಂದು ಮಾವಿನಕಾಯಿ ಇಟ್ಟರು, ಸವರಿ ನೋಡಿ ಕೆರೆದು ಹಾಕಿದರು. ಸೀಬೆಹಣ್ಣು ಇಟ್ಟರು, ಅದನ್ನೂ ಕೆರೆದರು. ಬರಿಗೈ ಕೆಂಪಾದಾಗಲೆಲ್ಲ ನಾನು ಬಿಸಿನೀರಿನ ಬೋಗುಣಿ ಹಿಡಿಯುತ್ತಿದ್ದೆ. ಕೈ ಅದ್ದಿ, ಒರೆಸಿಕೊಂಡು, ಮತ್ತೆ ಹಿಮಕ್ಕೆ. ಅವರು ಕೆತ್ತಿದ್ದನ್ನು ಮೇಲಿನಿಂದ ಬೀಳುವ ಹಿಮ ತುಂಬುತ್ತಿತ್ತು. “ನೋಡು, ಮೇಲಿನೋರೂ ಒಪ್ತಾ ಇಲ್ಲ,” ಎಂದು ನಕ್ಕರು. ಆ ಹೊತ್ತಿನಲ್ಲಿ ತಮ್ಮ ಮನೆಯ ಸಂಕ್ರಾಂತಿಯ ಬಗ್ಗೆ ಹೇಳಿದರು. ಪಾಕ ಹೊಯ್ಯುವುದು ಅಮ್ಮ, ದಾರ ಬಿಚ್ಚುವುದು ಅಕ್ಕ, ಖಾಲಿ ಹಲಗೆ ತೊಳೆಯುವುದು ಇವರು. ಬಿಚ್ಚಿದ ಗಿಳಿ ಮುರಿದೀತೆಂದು ಇವರ ಕೈಗೆ ಕೊಡುತ್ತಲೇ ಇರಲಿಲ್ಲವಂತೆ, ನೇರ ಡಬ್ಬಿಗೆ ಹೋಗುತ್ತಿತ್ತಂತೆ. ಅದನ್ನು ನಾನು ಸುಮ್ಮನೆ ಕೇಳಿಸಿಕೊಂಡೆ. ಅದರಲ್ಲಿಯೇ ಉತ್ತರವಿತ್ತೆಂದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಬೆಳಕು ನೀಲಿಯಾಯಿತು. ಗಿಳಿಯ ಕಾಲಿನಲ್ಲಿ ಹೆಸರಿಲ್ಲದ ಒಂದು ಉಂಡೆ ಉಳಿದಿತ್ತು. ಮೈಗೆಲ್ಲ ನೀರು ಸಿಂಪಡಿಸಿ, ಹೆಪ್ಪುಗಟ್ಟಲೆಂದು ಬಿಟ್ಟು, “ಏನು ಹಿಡ್ಕೊಂಡಿದೀನಿ ಅಂತ ಬೆಳಗ್ಗೆ ಅದೇ ಹೇಳ್ಲಿ” ಎಂದು ಅವರು ಒಳಗೆ ಹೋದರು.

ಮುಂದಿನದು ನನ್ನ ತಪ್ಪು. ಇದನ್ನು ಮುಚ್ಚಿಡದೆ ನಮೂದಿಸುತ್ತಿದ್ದೇನೆ.

ಹಬ್ಬದ ಬೆಳಿಗ್ಗೆ ಆಂಟಿಯವರು ಏಳುವ ಮುನ್ನ ಗಿಳಿಯ ಸುತ್ತ ರಂಗೋಲಿ ಹಾಕಿ ಅವರನ್ನು ಬೆರಗುಗೊಳಿಸಬೇಕೆಂದು ನಾನು ಆಸೆಪಟ್ಟೆ. ಇಲ್ಲಿ ನಾವೆಲ್ಲ ಮಾಡುವಂತೆ ನಾನೂ ರಂಗೋಲಿಗೆ ಅಡುಗೆ ಉಪ್ಪಿಗೇ ಬಣ್ಣ ಬೆರೆಸಿ ಇಟ್ಟುಕೊಂಡಿರುತ್ತೇನೆ. ತುಳಸಿಕಟ್ಟೆಗೆ ಹಾಕುವಂತೆ ಪೀಠದ ಬುಡದವರೆಗೂ ಎಳೆ ಎಳೆದೆ. ಬಲಗಡೆ ಜಾಗ ಹೆಚ್ಚಿದ್ದುದರಿಂದ ದೊಡ್ಡ ಬಳ್ಳಿಗಳನ್ನು ಅತ್ತಲೇ ಬಿಟ್ಟೆ. ಬಣ್ಣ ಮುಗಿದಾಗ ಕೊನೆಯ ಉದ್ದನೆಯ ಎಳೆಯನ್ನು ಬರೀ ಬಿಳಿಯ ಉಪ್ಪಿನಲ್ಲೇ ಎಳೆದು ಮುಗಿಸಿದೆ. ಪ್ರತಿ ಚಳಿಗಾಲದಲ್ಲಿ ನಮ್ಮ ಮೆಟ್ಟಿಲಿಗೆ ಉಪ್ಪು ಎರಚಿ ಹಿಮ ಕರಗಿಸುವವಳು ನಾನೇ. ಆದರೂ ಬೆರಳ ಸಂದಿಯಿಂದ ಎಳೆಯಾಗಿ ಇಳಿಯುವಾಗ ಅದು ನನಗೆ ಉಪ್ಪು ಎನಿಸಲಿಲ್ಲ, ರಂಗೋಲಿಯೆನಿಸಿತು.

ಬಿಸಿಲು ಬಂತು. ಹತ್ತು ಗಂಟೆಯ ಸುಮಾರಿಗೆ ಅಡುಗೆಮನೆಯ ಕಿಟಕಿಯಿಂದ ನೋಡಿದಾಗ ನನ್ನ ರಂಗೋಲಿ ಮೇಲಿರಲಿಲ್ಲ. ಕೆತ್ತಿದಂತೆ ಹಿಮದೊಳಕ್ಕೆ ಇಳಿದು, ಕೆಂಪು ಹಳದಿ ಕಾಲುವೆಗಳಾಗಿ ಹರಿಯುತ್ತಿತ್ತು. ಪೀಠದ ಬಲ ಬುಡ ಟೊಳ್ಳಾಗಿತ್ತು. ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ನನ್ನ ಪಕ್ಕಕ್ಕೆ ಬಂದರು.

“ಉಪ್ಪಾ? ಉಪ್ಪಲ್ಲಿ ಹಾಕ್ದ್ಯಾ?” ಎಂದರು.

ನಾನು ಉತ್ತರಿಸುವುದರೊಳಗೆ ಗಿಳಿ ವಾಲತೊಡಗಿತ್ತು. ಬೀಳುತ್ತಿರುವ ವಸ್ತುವಿನ ಅವಸರ ಅದಕ್ಕಿರಲಿಲ್ಲ. ನಿದ್ದೆ ಬಂದವರು ಮಗ್ಗುಲಾಗುವಂತೆ, ಮೆತ್ತನೆಯ ಹೊಸ ಹಿಮದ ಮೇಲೆ ತನ್ನ ಬಲಮಗ್ಗುಲಿಗೆ ಮಲಗಿತು. ಸದ್ದೇ ಆಗಲಿಲ್ಲ.

ಆಂಟಿಯವರ ಬಾಗಿಲು ಬಡಿದು ನಡೆದುದನ್ನು ನಡೆದಂತೆ ತಿಳಿಸಿದೆ. ಅವರಿಗೆ ಉಳಿದಿದ್ದ ಒಂದೇ ಚಳಿಗಾಲವನ್ನು ನಾನು ಉಪ್ಪು ಹಾಕಿ ಕರಗಿಸಿದೆನೆಂಬುದು ನನಗೆ ಗೊತ್ತಿತ್ತು. ಅವರು ನನ್ನ ಓಲೆಯ ಕಡೆ ನೋಡುತ್ತ ಪೂರ್ತಿ ಕೇಳಿಸಿಕೊಂಡು, “ರಂಗೋಲಿ ಚೆನ್ನಾಗಿ ಬಂದಿತ್ತಾ?” ಎಂದು ಮಾತ್ರ ಕೇಳಿ, ಬೂಟು ಹಾಕಿಕೊಂಡು ಹೊರಬಂದರು.

ಗಿಳಿಯನ್ನು ಎತ್ತಲು ಹೇಳಿದರು. ನಾನೂ ಯಜಮಾನರೂ ಎತ್ತಿದೆವು. ಅದು ನಮ್ಮ ಕೈಯಲ್ಲಿಯೇ ಮೂರು ತುಂಡಾಯಿತು. ತುಂಡುಗಳನ್ನು ಪಕ್ಕಕ್ಕಿಟ್ಟು ನೋಡಿದರೆ, ಅದು ಮಲಗಿದ್ದ ಜಾಗದಲ್ಲಿ ಹಿಮ ಗುಳಿಬಿದ್ದಿತ್ತು. ರೆಕ್ಕೆ, ಎದೆ, ಎತ್ತಿದ ಕಾಲು, ಬಾಲ, ಎಲ್ಲವೂ ಒಳಮುಖವಾಗಿ. ಆಂಟಿಯವರು ಮಂಡಿಯೂರಿ ಕುಳಿತು ಗ್ಲೌಸ್ ಬಿಚ್ಚಿದರು. ಕೈಯನ್ನು ಆ ಗುಳಿಯೊಳಗೆ ಇಳಿಸಿದರು. ತೋರುಬೆರಳಿನ ಉಗುರು ತಾನಾಗಿ ರೆಕ್ಕೆಯ ಸಾಲುಗಳಲ್ಲಿ ಓಡಾಡಿತು, ಅಂಟಿಕೊಂಡ ಸಕ್ಕರೆಯನ್ನು ಬಿಡಿಸುವಂತೆ.

“ಸರ್ಕಾರ,” ಎಂದರು, “ನಾನು ಇಷ್ಟು ವರ್ಷ ಹಕ್ಕೀನ ನೆನೆಸ್ಕೊತಾ ಇದ್ದೆ. ಹಕ್ಕೀನ ನನ್ನ ಕೈಗೆ ಕೊಟ್ಟವರು ಯಾರು? ನಾನು ತೊಳೀತಿದ್ದಿದ್ದು ಗುಳೀನಲ್ಲವಾ.”

ಬೆರಳು ಕಾಲಿನ ಬಳಿಗೆ ಬಂತು. ಉಂಡೆ ಒತ್ತಿದ್ದ ದುಂಡನೆಯ ತಗ್ಗಿನಲ್ಲಿ ಒಮ್ಮೆ ಸುತ್ತಿತು. ಆಮೇಲೆ ಅದರ ತುದಿಯಿಂದ ಹಿಮದೊಳಗೆ ಇನ್ನೂ ಆಳಕ್ಕೆ, ಕೊಕ್ಕೆಯಂತೆ ಬಾಗುತ್ತ, ತನ್ನ ದಾರಿ ತಾನೇ ತೋಡಿಕೊಂಡು ಹೋಗಿ ಒಂದು ಕಡೆ ನಿಂತಿತು.

“ಇಲ್ಲಿ ಸಕ್ಕರೆ ಸಿಕ್ಕಾಕೊಳ್ಳೋದು. ಪೊರಕೆ ಕಡ್ಡೀಲಿ ತೆಗೀಬೇಕಿತ್ತು. ತೆಗೆದಿದ್ದನ್ನ ನೆಕ್ಕೋದು. ಮಾವಿನಕಾಯಿ ಅಲ್ಲ ಕಣೇ, ಮೆಣಸಿನಕಾಯಿ. ಬರ್ಕೊ, ಬೇಗ ಬರ್ಕೊ, ಬಿಸಿಲು ಏರ್ತಿದೆ. ನಿನ್ನ ಆಫೀಸಿನ ಥರಾನೇ ಬರಿ, ಯಾರು ಓದಿದ್ರೂ ಅನುಮಾನ ಬರಬಾರದು.”

ನಮ್ಮ ಯಜಮಾನರು ಓಡಿಹೋಗಿ ಕಾಗದ ತಂದರು. ಆಂಟಿಯವರು ಗೇಣು, ಬೆರಳುಗಳಲ್ಲಿ ಹೇಳಿದರು, ನಾನು ಬರೆದುಕೊಂಡೆ. ಕತ್ತಿನಿಂದ ರೆಕ್ಕೆಯ ಮೊದಲಿಗೆ ಒಂದು ಗೇಣು, ಮರಕ್ಕೆ ಎಡ ಹಲಗೆಯ ಪ್ರಮಾಣದಂತೆ ಇಳಿಸತಕ್ಕದ್ದು. ರೆಕ್ಕೆಯಲ್ಲಿ ಸಾಲು ಮೂರು, ಕೆಳಗಿನದು ಗಿಡ್ಡ. ಮೆಣಸಿನಕಾಯಿಯ ತೊಟ್ಟು ಮೇಲ್ಮುಖ, ತುದಿ ಎದೆಯ ಕಡೆಗೆ. ಬಾಲಕ್ಕೆ ಬರುವ ಹೊತ್ತಿಗೆ ಅವರ ಬೆರಳುಗಳು ಮರಗಟ್ಟಿದ್ದವು. ಬಾಲದ ಗೆರೆಗಳನ್ನು ನೀನೇ ಎಣಿಸಿ ಬರೆದುಕೊ ಎಂದರು. ಎಣಿಸಿದೆ. ನಾಲ್ಕು. ಬರೆದುಕೊಂಡೆ. ಹಾಳೆಯ ಕೆಳಗೆ ಇಬ್ಬರೂ ಸಹಿ ಮಾಡಿದೆವು. ಎರಡು ಗಂಟೆಗೆ ಹಿತ್ತಲಿನಲ್ಲಿ ಒಂದು ನಸುಗೆಂಪು ಹೊಂಡ ಮಾತ್ರ ಇತ್ತು.

ಮಾರ್ಚಿನಲ್ಲಿ ಅವರು ಹೋದರು. ಗಿಳಿಯ ಎಡ ಹಲಗೆಯನ್ನು ನನ್ನ ಕೈಗೆ ಕೊಟ್ಟು, ಅಂಚೆಗೆ ಹಾಕಬಾರದು, ಕೈಚೀಲದಲ್ಲಿಟ್ಟುಕೊಂಡೇ ಹೋಗಬೇಕು ಎಂದು ಷರತ್ತು ಹಾಕಿದರು. ಆ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅಚ್ಚು ಕೆತ್ತುವ ಒಬ್ಬ ಹಿರಿಯರಿಗೆ ಹಲಗೆಯನ್ನೂ ಹಾಳೆಯನ್ನೂ ಒಪ್ಪಿಸಿದೆ. ಅವರು ಹಾಳೆಯನ್ನು ಎರಡು ಸಲ ಓದಿ, ಇಷ್ಟು ಸ್ಪಷ್ಟವಾಗಿ ಯಾರೂ ಬರೆದುಕೊಟ್ಟಿಲ್ಲ, ಎಂದರು. ನನ್ನ ಬರವಣಿಗೆಗೆ ಸಿಕ್ಕಿದ ಪ್ರಶಂಸೆ ಇದುವರೆಗೆ ಅದೊಂದೇ.

ಮರುವರ್ಷದ ಸಂಕ್ರಾಂತಿಗೆ ನಾವು ಸ್ಟರ್ಲಿಂಗ್ ಹೈಟ್ಸ್‌ಗೆ ಹೋದೆವು. ಮಣೆಗಳು ಹಿಂದಿನ ದಿನದಿಂದ ನೆನೆಯಬೇಕಾದ್ದರಿಂದ ಹಳೆಯ ಹಲಗೆ, ಹೊಸ ಹಲಗೆ ಎರಡನ್ನೂ ಸ್ಟೀಲ್ ಡಬ್ಬಿಯ ನೀರಿನಲ್ಲಿ ಮುಳುಗಿಸಿ ತೊಡೆಯ ಮೇಲಿಟ್ಟುಕೊಂಡು ಮುನ್ನೂರು ಮೈಲಿ ಕುಳಿತಿದ್ದೆ. ನೀರು ತುಳುಕದಂತೆ ಯಜಮಾನರು ಎಲ್ಲ ಲಾರಿಗಳಿಗೂ ದಾರಿ ಬಿಟ್ಟರು. ಮಿಷಿಗನ್ನಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಅಲ್ಲಿಯೂ ಹಿಮ ಬೀಳುತ್ತಿತ್ತು.

ಆಂಟಿಯವರಿಗೆ ಆಗ ಪಕ್ಕದ ನೋಟವೂ ಹೋಗಿತ್ತು. ವಿಚಿತ್ರವೆಂದರೆ, ಈಗ ಅವರು ನನ್ನ ಮುಖದ ಕಡೆಗೇ ನೇರವಾಗಿ ತಿರುಗಿ ಮಾತನಾಡುತ್ತಿದ್ದರು. ಮಗನ ಅಡುಗೆಮನೆಯಲ್ಲಿ ನಾನು ಪಾಕ ಕದಡುತ್ತಿದ್ದೆ. ಅವರು ಕುರ್ಚಿಯಲ್ಲಿ ಕುಳಿತು ಸೌಟಿನ ಸದ್ದನ್ನು ಆಲಿಸುತ್ತಿದ್ದರು. “ಸದ್ದು ದಪ್ಪ ಆಯ್ತು, ಇಳಿಸು” ಎಂದರು. ಇಳಿಸಿ, ಹೊಯ್ದು, ಕಾದು, ದಾರ ಬಿಚ್ಚಿ, ಇನ್ನೂ ಬೆಚ್ಚಗಿದ್ದ ಗಿಳಿಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಮುಟ್ಟಿದ ಮೊದಲ ಪೂರ್ತಿ ಗಿಳಿ ಅದು.

ಹೆಬ್ಬೆರಳು ಎಡಮಗ್ಗುಲಿನಲ್ಲಿ ಬೇಗ ಹೋಯಿತು. ತಿರುಗಿಸಿಕೊಂಡರು. ರೆಕ್ಕೆ, ಮೂರು ಸಾಲು. ಕಾಲು. ಮೆಣಸಿನಕಾಯಿಯ ತುದಿಯಲ್ಲಿ ಬೆರಳು ಸ್ವಲ್ಪ ಹೊತ್ತು ಉಳಿಯಿತು. ಆಮೇಲೆ ಬಾಲ. ಅಲ್ಲಿ ನಿಂತಿತು. ಮತ್ತೊಮ್ಮೆ ಮೇಲಿನಿಂದ ಬಂದು, ಮತ್ತೆ ಅಲ್ಲಿಯೇ ನಿಂತಿತು.

“ನಾಲ್ಕು,” ಎಂದರು.

ಹಾಳೆಯಲ್ಲಿ ನಾಲ್ಕೆಂದೇ ಬರೆದಿದ್ದೆ, ನಾನೇ ಎಣಿಸಿದ್ದೆ, ಎಂದೆ.

“ಇದ್ದಿದ್ದು ಮೂರು. ಈ ನಾಲ್ಕನೇದು ಗಿಳೀದಲ್ಲ.” ಬೆರಳನ್ನು ಆ ಗೆರೆಯ ಮೇಲೆ ಇನ್ನೊಮ್ಮೆ ಉದ್ದಕ್ಕೆ ಎಳೆದು, “ಇದು ಉಪ್ಪು, ಸರ್ಕಾರ. ಇದು ನಿಮ್ಮ ರಂಗೋಲಿ,” ಎಂದರು.

ಬಣ್ಣ ಮುಗಿದ ಮೇಲೆ ನಾನು ಬಿಳಿಯ ಉಪ್ಪಿನಲ್ಲಿ ಎಳೆದಿದ್ದ ಕೊನೆಯ ಎಳೆ ಹಿಮವನ್ನು ಕೊರೆದು, ಬಿದ್ದ ಗಿಳಿಯ ಬಾಲದ ಕೆಳಗೆ ಹಾದುಹೋಗಿತ್ತು. ಬಣ್ಣವಿಲ್ಲದ ಕಾರಣ ಅದನ್ನು ಬಾಲವೆಂದು ತಿಳಿದು ದಾಖಲು ಮಾಡಿದ್ದೆ. ಬೇರೆ ಹಲಗೆ ಕೆತ್ತಿಸುತ್ತೇನೆ, ಇಲ್ಲವೇ ಆ ಗೆರೆಗೆ ಮೇಣ ತುಂಬಿಸುತ್ತೇನೆ, ಎಂದೆ. ಆಂಟಿಯವರು ತಲೆಯಾಡಿಸಿದರು. ಗಿಳಿಯನ್ನು ಅಂಗೈಯಲ್ಲಿ ಒಮ್ಮೆ ತೂಗಿದರು. ಕಿಟಕಿಯ ಕಡೆಯಿಂದ ಹಿಮದ ಬೆಳಕು ಅವರ ಕೈಯ ಮೇಲೆ, ಸಕ್ಕರೆಯ ಮೇಲೆ ಒಂದೇ ರೀತಿ ಬಿದ್ದಿತ್ತು.

“ಪಾಸ್,” ಎಂದರು.

ಆಮೇಲೆ ಒಂದು ಬಟ್ಟಲು ಎಳ್ಳು ತರಿಸಿ, ಆ ಗಿಳಿಯನ್ನು ಅದರ ಮೇಲಿಟ್ಟು, ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದರು. “ತಗೋ. ಇದನ್ನ ಬೀರಬಹುದು.”

ಅವರು ತೀರಿಕೊಂಡ ಮುಂದಿನ ತಿಂಗಳು ಮಗ ಕಾರಿನಲ್ಲಿ ಬಂದು ಹನ್ನೆರಡು ಜೊತೆ ಮಣೆಗಳ ಡಬ್ಬಿಯನ್ನು ನಮ್ಮ ಮನೆಗೆ ತಲುಪಿಸಿ ಹೋದರು. ಗಿಳಿಯ ಜೊತೆಗೆ ದಾರ ಸುತ್ತಿತ್ತು. ಈಗ ಇಲ್ಲಿ ಬೆಳಗಿನಿಂದ ಹಿಮ ಬೀಳುತ್ತಿದೆ, ಹೆದ್ದಾರಿಯ ಸದ್ದಿಲ್ಲ. ಪಕ್ಕದ ಮನೆಗೆ ಬಂದಿರುವವರು ಯಾರೋ ತಿಳಿಯದು. ಅವರ ಹಿತ್ತಲಿನಲ್ಲಿ ಹಿಮ ಯಾರೂ ಮುಟ್ಟದೆ ಬಿದ್ದಿದೆ. ನಿನ್ನೆಯಿಂದ ನೆನೆದಿದ್ದ ಮಣೆಗಳಲ್ಲಿ ಈ ವರ್ಷದ ಮೊದಲ ಪಾಕ ಹೊಯ್ದು, ಬಿಚ್ಚಿ, ಈ ಪತ್ರ ಬರೆಯಲು ಕುಳಿತೆ. ಆಂಟಿಯವರ ಭಾವಚಿತ್ರ ಲಭ್ಯವಿಲ್ಲದ ಕಾರಣ, ಅದರ ಬದಲು ಕೆಳಕಂಡದ್ದನ್ನು ಕಳುಹಿಸುತ್ತಿದ್ದೇನೆ. ಸ್ವೀಕರಿಸಬೇಕು.

ತಮ್ಮ ವಿಶ್ವಾಸಿ,
ಪಕ್ಕದ ಮನೆಯವಳು

ಲಗತ್ತು: ಸಕ್ಕರೆ ಗಿಳಿ, ಒಂದು. ಸದರಿ ಗಿಳಿಯ ಬಲಮಗ್ಗುಲಿನಲ್ಲಿ, ಬಾಲದ ಬಳಿ, ಒಂದು ಗೆರೆ ಹೆಚ್ಚಿಗೆ ಕಂಡುಬರುತ್ತದೆ. ಅದರ ತಪಾಸಣೆ ಆಗಿದೆ.